ಟೊಂಕ ಎಂದರೆ ಎಲ್ಲಿ?

‘ಟೊಂಕ ನೋಯ್ತೈತ್ರಿ ಸಾರ್.’

ಸಿರುಗುಪ್ಪ ಕಡೆಯ ರೈತರೊಬ್ಬರು ಇಷ್ಟು ಹೇಳಿ ಸುಮ್ಮನಾದರು ಎಂದುಕೊಳ್ಳಿ. ಎದುರಿಗೆ ನಿಂತ ಎಂ.ಎಸ್. ಆರ್ಥೋಪೆಡಿಕ್ಸ್ ವಿದ್ಯಾರ್ಥಿಗೆ ಪರೀಕ್ಷೆ ಶುರುವಾಗುವುದೇ ಅಲ್ಲಿಂದ. ಬಳ್ಳಾರಿ ಸೀಮೆಯ ಮಾತಿನಲ್ಲಿ ಟೊಂಕ ಎಂದರೆ ಬೆನ್ನಿನ ಕೆಳಭಾಗವೂ ಆಗಬಹುದು, ಪಕ್ಕದ ಸೊಂಟದ ಮೂಳೆಯೂ ಆಗಬಹುದು, ತೊಡೆ ಬಂದು ಕೂಡುವ ಕೀಲೂ ಆಗಬಹುದು. ಆಂಧ್ರದ ಗಡಿಯಿಂದ ಬಂದವರು ‘ನಡುಮು’ ಎನ್ನುತ್ತಾರೆ. ಬಳ್ಳಾರಿಯ ಕೌಲ್ ಬಜಾರಿನ ಉರ್ದು ಮಾತಿನ ಅಜ್ಜಿ ‘ಕಮರ್’ ಎನ್ನುತ್ತಾರೆ. ಮೂರು ಭಾಷೆಯವರೂ ಅದೇ ಅಗಲದ ಜಾಗದ ಮೇಲೆ ಕೈಯಾಡಿಸುತ್ತಾರೆ. ವೈದ್ಯನಿಗೆ ಮಾತ್ರ ಅಲ್ಲಿ ಎರಡು ಬೇರೆ ಬೇರೆ ಊರುಗಳಿವೆ: ಬೆನ್ನುಮೂಳೆ ಒಂದು, ಬಟ್ಟಲೊಳಗೆ ಚೆಂಡು ಕೂತಂತಿರುವ ತೊಡೆಕೀಲು ಇನ್ನೊಂದು. ಊರು ತಪ್ಪಿದರೆ ಮುಂದಿನ ದಾರಿಯೆಲ್ಲ ತಪ್ಪು.

ಆದ್ದರಿಂದ ಹಿರಿಯರು ಹೇಳಿಕೊಡುವ ಮೊದಲ ಪಾಠ, ‘ಒಂದೇ ಬೆರಳಲ್ಲಿ ತೋರಿಸ್ರಿ ಯಜಮಾನ್ರೆ’ ಎಂದು ಕೇಳುವುದು. ಬೆರಳು ತೊಡೆಸಂದಿಗೆ ಹೋದರೆ ಅನುಮಾನ ಕೀಲಿನ ಮೇಲೆ. ಅಂಗೈ ಹಿಂದಕ್ಕೆ ಹೋಗಿ ಬೆನ್ನನ್ನು ಸವರಿದರೆ ಅನುಮಾನ ಬೆನ್ನುಮೂಳೆಯ ಮೇಲೆ. ಇದರಲ್ಲೂ ಮೋಸವಿದೆ. ತೊಡೆಕೀಲು ಕೆಟ್ಟವರು ಎಷ್ಟೋ ಸಲ ಮೊಣಕಾಲು ಹಿಡಿದುಕೊಂಡು ಬರುತ್ತಾರೆ, ಏಕೆಂದರೆ ಎರಡಕ್ಕೂ ಒಂದೇ ನರದ ಕವಲುಗಳು ಹೋಗುತ್ತವೆ. ಮೊಣಕಾಲಿನ ಎಕ್ಸ್‌ರೇ ತೆಗೆದು ಏನೂ ಇಲ್ಲ ಎಂದು ಕಳಿಸಿದ ಮೇಲೆ ಆರು ತಿಂಗಳಿಗೆ ತೊಡೆಮೂಳೆಯ ತಲೆ ಕುಸಿದು ಮರಳಿ ಬಂದವರ ಕಥೆಯನ್ನು ಆರ್ಥೋ ವಾರ್ಡುಗಳಲ್ಲಿ ಪಾಠದಂತೆ ಹೇಳಲಾಗುತ್ತದೆ.

ಎಂ.ಎಸ್. ಪರೀಕ್ಷೆಯ ‘ಲಾಂಗ್ ಕೇಸ್’ ಎಂದರೆ ಇದೇ. ಒಬ್ಬ ರೋಗಿ, ಒಂದು ಟೇಪು, ಗುರುತು ಹಾಕುವ ಪೆನ್ನು, ಮುಕ್ಕಾಲು ಗಂಟೆಯಷ್ಟು ಸಮಯ. ಆಮೇಲೆ ಪರೀಕ್ಷಕರು ಬಂದು ಮಂಚದ ಸುತ್ತ ನಿಲ್ಲುತ್ತಾರೆ. ಟೊಂಕ, ಜೋಮು, ಚಳಕು, ‘ಹಿಡ್ಕಂಡಂಗಾಗೈತಿ’ ಇವೆಲ್ಲ ಅಷ್ಟರೊಳಗೆ ಇಂಗ್ಲಿಷಿನ ಕರಾರುವಾಕ್ಕಾದ ಪದಗಳಾಗಿ ಹೊರಬರಬೇಕು. ಜೋಮು ಎಂದದ್ದನ್ನು ನೋವೆಂದು ಬರೆದುಕೊಂಡ ವಿದ್ಯಾರ್ಥಿ ನರದ ತೊಂದರೆಯನ್ನು ಅಲ್ಲೇ ಕಳೆದುಕೊಂಡಿರುತ್ತಾನೆ. ಹೊರರಾಜ್ಯದಿಂದ ಸೀಟು ಸಿಕ್ಕಿ ಬಂದ ಹುಡುಗ ಹುಡುಗಿಯರು ಮೊದಲ ವರ್ಷ ಕ್ಯಾಂಪ್‌ಬೆಲ್ ಎಂಬ ಆರ್ಥೋ ಪಠ್ಯದ ಸಂಪುಟಗಳಿಗಿಂತ ಮೊದಲು ಕಲಿಯಬೇಕಾದದ್ದು ಈ ಹತ್ತಿಪ್ಪತ್ತು ಮಾತುಗಳನ್ನು.

ಈ ವಿದ್ಯಾರ್ಥಿಗಳು ಓದುವ, ಬಳ್ಳಾರಿಯ ಕಂಟೋನ್ಮೆಂಟ್ ಪ್ರದೇಶದ ಮೆಡಿಕಲ್ ಕಾಲೇಜು 1961ರದು. ಬಿ.ಡಿ. ಜತ್ತಿ ಮುಖ್ಯಮಂತ್ರಿಯಾಗಿದ್ದ ಕಾಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತ್ತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋಗಿದ್ದವು. ರಾಜ್ಯದ ಗೆರೆ ಬದಲಾದರೂ ಆ ಕಡೆಯವರು ಕೈಕಾಲು ಮುರಿದಾಗ ಬಳ್ಳಾರಿಗೆ ಬರುವುದು ನಿಲ್ಲಲಿಲ್ಲ. ಕಾಲೇಜು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿ ಇತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅಲ್ಲಿಗೆ, 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಅದಕ್ಕೆ ಸೇರಿತು. ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ, ಅಂದರೆ ವಿಮ್ಸ್ ಎಂಬ ಹೆಸರು ನಡುವೆ ಬಂತು. ಈಚೆಗೆ ಅದು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವಾಗಿದೆ. ಊರಿನ ಬಾಯಲ್ಲಿ ಇನ್ನೂ ವಿಮ್ಸೇ.

ಇಲ್ಲಿನ ಅಭ್ಯರ್ಥಿ ರೋಗಿಯ ಮುಂದೆ ಮಾಡುವ ಒಂದೊಂದು ಪರೀಕ್ಷೆಗೂ ಯಾರದೋ ಹೆಸರಿದೆ. ಅವುಗಳಲ್ಲಿ ಒಂದರ ಕಥೆ ಬಳ್ಳಾರಿಗೆ ಆಶ್ಚರ್ಯವಾಗುವಷ್ಟು ಹತ್ತಿರದ್ದು.

ರೋಗಿಯನ್ನು ಗಟ್ಟಿ ಮಂಚದ ಮೇಲೆ ಅಂಗಾತ ಮಲಗಿಸುತ್ತಾರೆ. ತೊಡೆಕೀಲು ಮಡಿಚಿಕೊಂಡೇ ಬಿಗಿದುಹೋದವರು ಅದನ್ನು ಬೆನ್ನು ಕಮಾನಾಗಿಸಿ ಮುಚ್ಚಿಕೊಳ್ಳುತ್ತಾರೆ. ನೋಡಿದವರಿಗೆ ಕಾಲು ನೇರವಾಗಿಯೇ ಕಾಣುತ್ತದೆ. ಆಗ ಅಭ್ಯರ್ಥಿ ತನ್ನ ಅಂಗೈಯನ್ನು ಸೊಂಟದ ಕೆಳಗಿನ ಆ ಸಂದಿಗೆ ತೂರಿಸಿ, ಇನ್ನೊಂದು ಕೈಯಿಂದ ಸರಿಯಿರುವ ಕಾಲನ್ನು ಹೊಟ್ಟೆಯ ಕಡೆ ಮಡಿಚುತ್ತಾ ಹೋಗುತ್ತಾನೆ. ಬೆನ್ನು ಇಳಿದು ಅಂಗೈಯನ್ನು ಒತ್ತಿದ ಕ್ಷಣದಲ್ಲಿ ಕೆಟ್ಟ ಕಾಲಿನ ತೊಡೆ ತಾನಾಗಿ ಮೇಲೆದ್ದು ನಿಂತಿರುತ್ತದೆ. ಎಷ್ಟು ಡಿಗ್ರಿ ಎದ್ದಿತೋ ಅಷ್ಟು ದೋಷ. ಯಂತ್ರ ಬೇಡ, ಎಕ್ಸ್‌ರೇ ಬೇಡ. ಇದಕ್ಕೆ ಥಾಮಸ್ ಟೆಸ್ಟ್ ಎಂದು ಹೆಸರು.

ಹ್ಯೂ ಓವನ್ ಥಾಮಸ್ ಹುಟ್ಟಿದ್ದು 1834ರಲ್ಲಿ, ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಒಂದು ಮನೆತನದಲ್ಲಿ. ಅದು ತಲೆಮಾರುಗಳಿಂದ ಮುರಿದ ಮೂಳೆ ಕಟ್ಟುವವರ ಮನೆತನ. ನಮ್ಮ ನಾಟಿ ಕಟ್ಟಿನವರ ಹಾಗೆ, ಓದಿಲ್ಲದ, ಕೈಗುಣವಿದ್ದ ಜನ. ತಂದೆ ಇವಾನ್ ಥಾಮಸ್ ಲಿವರ್‌ಪೂಲಿಗೆ ಬಂದು ಅದೇ ಕಸುಬು ಮಾಡಿದಾಗ ಓದಿದ ವೈದ್ಯರು ಅವರನ್ನು ಮತ್ತೆ ಮತ್ತೆ ಕೋರ್ಟಿಗೆ ಎಳೆದರು. ಬೇಸತ್ತ ತಂದೆ ತನ್ನ ಐದೂ ಗಂಡುಮಕ್ಕಳನ್ನು ವೈದ್ಯಕೀಯ ಓದಿಸಿದರು. ಹ್ಯೂ ಲಿವರ್‌ಪೂಲಿನ ಬಡ ಬೀದಿಗಳಲ್ಲಿ ಹಡಗುಕಟ್ಟೆಯ ಕೂಲಿಗಳನ್ನು ನೋಡುತ್ತಾ, ಭಾನುವಾರ ದುಡ್ಡು ತೆಗೆದುಕೊಳ್ಳದೆ ಚಿಕಿತ್ಸೆ ಮಾಡುತ್ತಾ, 1875ರಲ್ಲಿ ತೊಡೆ, ಮೊಣಕಾಲು, ಪಾದದ ಕೀಲುಗಳ ರೋಗದ ಬಗ್ಗೆ ಪುಸ್ತಕ ಬರೆದರು. ಅವರು ಮಾಡಿದ ಕಬ್ಬಿಣದ ಚೌಕಟ್ಟು, ಥಾಮಸ್ ಸ್ಪ್ಲಿಂಟ್, ಇಂದಿಗೂ ಆರ್ಥೋ ವಾರ್ಡಿನ ಮಂಚಗಳ ಮೇಲೆ ಕಾಣುತ್ತದೆ. ತೊಡೆಮೂಳೆ ಮುರಿದವರ ಕಾಲು ಅದರೊಳಗೆ ಒರಗಿರುತ್ತದೆ.

ಅವರ ಹೆಂಡತಿಯ ಕಡೆಯ ಸಂಬಂಧಿ ರಾಬರ್ಟ್ ಜೋನ್ಸ್ ಹುಡುಗನಾಗಿದ್ದಾಗಲೇ ಆ ಮನೆಗೆ ಬಂದು ಕಲಿತವರು. ಮೊದಲ ಮಹಾಯುದ್ಧದಲ್ಲಿ ಗುಂಡು ತಾಗಿ ತೊಡೆ ಒಡೆದ ಸೈನಿಕರನ್ನು ಸಾಗಿಸುವ ಮೊದಲು ಆ ಸ್ಪ್ಲಿಂಟ್ ಕಟ್ಟಬೇಕೆಂದು ಹಟ ಹಿಡಿದರು. ನೂರಕ್ಕೆ 80ರಷ್ಟಿದ್ದ ಸಾವು 20ರ ಆಸುಪಾಸಿಗೆ ಇಳಿಯಿತೆಂದು ಯುದ್ಧವೈದ್ಯದ ಇತಿಹಾಸಗಳು ಬರೆಯುತ್ತವೆ. 1920ರ ದಶಕದಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಮೂಳೆ ಶಸ್ತ್ರಚಿಕಿತ್ಸೆಗೆಂದೇ ಎಂ.ಸಿಎಚ್. ಆರ್ಥ್ ಎಂಬ ಪದವಿ ಶುರುಮಾಡಿತು. ಭಾರತದಿಂದ ಹಡಗು ಹತ್ತಿ ಹೋದ ತರುಣ ಸರ್ಜನ್ನರಿಗೆ ಮುಂದೆ ಎಷ್ಟೋ ವರ್ಷ ಅದೇ ಗುರಿಯಾಗಿತ್ತು. ಮೂಳೆ ಕಟ್ಟುವವರ ಅಡುಗೆಮನೆಯಿಂದ ಹೊರಟ ವಿದ್ಯೆ ಹೀಗೆ ಪರೀಕ್ಷೆಯ ಕೋಣೆಗೆ ಬಂದು ಕೂತಿತು.

ಇಂಥ ಪದವಿಯ ಮುಂದಿನ ಮೆಟ್ಟಿಲಾಗಿ ಇಂದು ಕೇಳಿಬರುವ ಫೆಲೋಶಿಪ್ ಎಂಬ ಮಾತು ಲಿವರ್‌ಪೂಲಿನ ಆ ಪದವಿಗಿಂತ ಹಳೆಯದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ 1843ರ ಸನ್ನದಿನಲ್ಲಿ ‘ಫೆಲೋ’ ದರ್ಜೆಯನ್ನು ಮಾಡಿತು. ಎಫ್.ಆರ್.ಸಿ.ಎಸ್. ಎಂದು ನಮ್ಮ ಊರಿನ ಹಳೆಯ ನರ್ಸಿಂಗ್ ಹೋಮುಗಳ ಬೋರ್ಡುಗಳ ಮೇಲೆ ಕಾಣುತ್ತಿದ್ದ ಅಕ್ಷರಗಳ ಮೂಲ ಅಲ್ಲಿದೆ. ಆಗ ಅದು ಇಡೀ ಶಸ್ತ್ರಚಿಕಿತ್ಸೆಗೆ ಒಂದೇ ಪರೀಕ್ಷೆ, ಮೂಳೆಗೆ ಬೇರೆ ಪರೀಕ್ಷೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂದಿನ ಬ್ರಿಟಿಷ್ ಆರ್ಥೋ ಫೆಲೋಶಿಪ್ ಪರೀಕ್ಷೆಯಲ್ಲಿ ಮೊದಲ ಹಂತ ಬಹುಆಯ್ಕೆಯ ಪ್ರಶ್ನೆಗಳು. ಅದು ದಾಟಿದರೆ ರೋಗಪರೀಕ್ಷೆ ಮತ್ತು ಅರ್ಧರ್ಧ ಗಂಟೆಯ ನಾಲ್ಕು ಮೌಖಿಕಗಳು: ಗಾಯ, ವಯಸ್ಕರ ರೋಗ, ಮಕ್ಕಳು ಮತ್ತು ಕೈ, ಮೂಲವಿಜ್ಞಾನ.

ಈ ಪರೀಕ್ಷೆಗಳಿಗೆ ಓದಿಸುವುದರಿಂದಲೇ ಹುಟ್ಟಿದ ಒಂದು ಪುಸ್ತಕ ಬಳ್ಳಾರಿಯ ಹಾಸ್ಟೆಲ್ ಕೋಣೆಗಳಲ್ಲೂ ಇರುತ್ತದೆ. ಇಂಗ್ಲೆಂಡಿನ ಸರ್ರೆಯ ಪೈರ್‌ಫರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ಅಲನ್ ಆಪ್ಲೆ ಎಂಬ ಸರ್ಜನ್ ಫೆಲೋಶಿಪ್ ಅಭ್ಯರ್ಥಿಗಳಿಗೆ ಪಾಠ ಮಾಡುತ್ತಿದ್ದರು. ಅವರ ಟಿಪ್ಪಣಿಗಳು 1959ರಲ್ಲಿ ಪುಸ್ತಕವಾದವು. ಕಣ್ಣಿಂದ ನೋಡು, ಕೈಯಿಂದ ಮುಟ್ಟು, ಆಮೇಲೆ ಕೀಲನ್ನು ಆಡಿಸು ಎಂಬ ಅವರ ಮೂರು ಮೆಟ್ಟಿಲು ಜಗತ್ತಿನ ಆರ್ಥೋ ವಾರ್ಡುಗಳಲ್ಲೆಲ್ಲ ಬಾಯಿಪಾಠ. ಆತುರದ ಅಭ್ಯರ್ಥಿಗಳು ಮೊದಲೇ ಆಡಿಸಲು ಹೋಗುತ್ತಾರೆ, ರೋಗಿ ನೋವಿಗೆ ಕೂಗುತ್ತಾನೆ, ಪರೀಕ್ಷಕರ ಹುಬ್ಬು ಗಂಟಿಕ್ಕುತ್ತದೆ. ಮುಟ್ಟುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು ಎನ್ನುವುದು ಇದರ ಜೊತೆಗಿನ ಕಟ್ಟಪ್ಪಣೆ.

ನಮ್ಮಲ್ಲಿ ಭಾರತೀಯ ಆರ್ಥೋಪೆಡಿಕ್ ಸಂಘ 1955ರಲ್ಲಿ ಸರ್ಜನ್ನರ ಸಂಘದ ಒಂದು ವಿಭಾಗವಾಗಿ ರೂಪುಗೊಂಡಿತು. ದೇಶದೊಳಗೇ ಒಂದು ಸಮಾನ ಅಳತೆಗೋಲು ಇರಲಿ ಎಂದು ರಾಷ್ಟ್ರೀಯ ಪರೀಕ್ಷಾ ಮಂಡಳಿ 1975ರಲ್ಲಿ ಶುರುವಾಗಿ 1982ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಎಂ.ಎಸ್. ಅಥವಾ ಅದಕ್ಕೆ ಸಮನಾದ ಡಿ.ಎನ್.ಬಿ. ಮುಗಿಸಿದವರಿಗೆ ಆ ಮಂಡಳಿಯ ಎರಡು ವರ್ಷದ ಎಫ್.ಎನ್.ಬಿ. ಫೆಲೋಶಿಪ್‌ಗಳಿವೆ: ಬೆನ್ನುಮೂಳೆ, ಕೀಲು ಬದಲಾವಣೆ, ಕೈ ಮತ್ತು ಸೂಕ್ಷ್ಮ ಶಸ್ತ್ರಚಿಕಿತ್ಸೆ, ಕ್ರೀಡಾವೈದ್ಯ, ಅಪಘಾತ ಚಿಕಿತ್ಸೆ. ಹೃದಯ, ನರ, ಮೂತ್ರಪಿಂಡಕ್ಕೆ ಇರುವಷ್ಟು ಎಂ.ಸಿಎಚ್. ಸೀಟುಗಳು ಆರ್ಥೋಗೆ ಇಲ್ಲ. ಆದ್ದರಿಂದ ಒಂದು ಕೀಲಿನಲ್ಲಿ ಪಳಗಬೇಕೆನ್ನುವ ಆರ್ಥೋ ವೈದ್ಯನಿಗೆ ಫೆಲೋಶಿಪ್ಪೇ ಮುಂದಿನ ಮೆಟ್ಟಿಲು.

ಆ ಮೆಟ್ಟಿಲು ಹತ್ತುವ ಓದು ಸಾಮಾನ್ಯವಾಗಿ ನಡೆಯುವುದು ಊರಿನಿಂದ ದೂರದಲ್ಲಿ, ಕೆಲಸದ ನಡುವೆ. ಕರ್ನಾಟಕದ 2012ರ ಕಡ್ಡಾಯ ಸೇವಾ ಕಾಯ್ದೆಯಂತೆ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕಾಗಿ ಬಂದರೆ, ಅಂಥ ಜಾಗಗಳಲ್ಲಿ ಸಿರುಗುಪ್ಪದಂಥ ತಾಲ್ಲೂಕು ಆಸ್ಪತ್ರೆಯೂ ಇರುತ್ತದೆ. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಸೊಂಟ ಬಗ್ಗಿಸಿ ದಿನವಿಡೀ ನಾಟಿ ಮಾಡುವ ಹೆಂಗಸರು, ಕೆಸರುಗದ್ದೆಯ ಬದುವಿನಲ್ಲಿ ಮಗುಚುವ ಟ್ರ್ಯಾಕ್ಟರ್, ರೈಸ್‌ಮಿಲ್ಲಿನ ಬೆಲ್ಟಿಗೆ ಸಿಕ್ಕ ಕೈ, 150ಎ ರಾಷ್ಟ್ರೀಯ ಹೆದ್ದಾರಿಯ ಬೈಕ್ ಅಪಘಾತ. ಪುಸ್ತಕದ ಅಧ್ಯಾಯಗಳು ಅಲ್ಲಿ ಗಾಡಿಯಿಂದ ಇಳಿಯುತ್ತವೆ. ಅವುಗಳಲ್ಲಿ ಯಾವುದನ್ನು ಇಲ್ಲೇ ಸ್ಲ್ಯಾಬ್ ಹಾಕಿ ಇಟ್ಟುಕೊಳ್ಳಬಹುದು, ಯಾವುದನ್ನು ಈ ಕ್ಷಣವೇ ಬಳ್ಳಾರಿಯ ಟ್ರಾಮಾ ಕೇಂದ್ರಕ್ಕೆ ಕಳಿಸಬೇಕು ಎಂದು ನಿರ್ಧರಿಸುವುದು ಯಾವ ವೈವಾಕ್ಕೂ ಕಡಿಮೆಯಲ್ಲ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವಾಗ ಸಿಗುವ ತೆಕ್ಕಲಕೋಟೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಊರಿನ ಬೆಟ್ಟದಲ್ಲಿ 1960ರ ದಶಕದ ಮೊದಲರ್ಧದಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿ ನವಶಿಲಾಯುಗದ ಮನೆಗಳನ್ನೂ ಸಮಾಧಿಗಳನ್ನೂ ತೆರೆದರು. ಸಿಕ್ಕಿದ ಅಸ್ಥಿಗಳನ್ನು ಕೆ.ಸಿ. ಮಲ್ಹೋತ್ರಾ ಅಭ್ಯಾಸ ಮಾಡಿದರು. ಸುಮಾರು ಮೂರೂವರೆ ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ಬದುಕಿದವರ ವಯಸ್ಸು, ಎತ್ತರಗಳನ್ನು ತಿಳಿಸಬಲ್ಲದ್ದು ಆ ಮೂಳೆಗಳೇ. ವೈವಾ ಮೇಜಿನ ಮೇಲೆ ಒಂದು ಒಣ ಮೂಳೆಯನ್ನಿಟ್ಟು ‘ಯಾವ ಕಡೆಯದು, ಯಾರದು, ಹೇಳಿ’ ಎಂದು ಕೇಳುವ ಪರೀಕ್ಷಕರು ಅದೇ ವಿದ್ಯೆಯ ಇನ್ನೊಂದು ತುದಿಯಲ್ಲಿ ಕೂತಿದ್ದಾರೆ.

ಈ ಸೀಮೆಗೆ ತನ್ನದೇ ಪಠ್ಯವೂ ಇದೆ. ಬಳ್ಳಾರಿಯ ವೆಲ್ಲೆಸ್ಲಿ ಕ್ಷಯ ಆಸ್ಪತ್ರೆಯ ಹೆಸರು ಹಳೆಯ ತಲೆಮಾರಿಗೆ ಚೆನ್ನಾಗಿ ಗೊತ್ತು. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವುದಿಲ್ಲ, ಬೆನ್ನುಮೂಳೆಗೂ ಬರುತ್ತದೆ. ಗೂನು ಬೆನ್ನು, ಸಂಜೆಯ ಜ್ವರ, ಕಾಲಿನ ಬಲ ಕುಗ್ಗುವುದು, ಇದು ‘ಪಾಟ್ಸ್ ಸ್ಪೈನ್’. ಪಶ್ಚಿಮದ ಅಭ್ಯರ್ಥಿಗಳು ಅದನ್ನು ಹೆಚ್ಚಾಗಿ ಚಿತ್ರದಲ್ಲಿ ನೋಡುತ್ತಾರೆ, ಇಲ್ಲಿಯವರಿಗೆ ಅದು ವಾರ್ಡಿನ ಪರಿಚಯ. ಎಲ್ಲರಿಗೂ ಆಪರೇಷನ್ ಬೇಡ, ಔಷಧಿ ಕೊಟ್ಟು ಕಾದು ನೋಡಿ, ಬೇಕಾದವರಿಗೆ ಮಾತ್ರ ಕತ್ತಿ ಹಿಡಿಯಿರಿ ಎಂಬ ‘ಮಧ್ಯಮ ಮಾರ್ಗ’ವನ್ನು 1970ರ ದಶಕದಲ್ಲಿ ರೂಪಿಸಿದವರು ಬನಾರಸ್‌ನ ಎಸ್.ಎಂ. ತುಳಿ. ಥಾಮಸ್, ಟ್ರೆಂಡೆಲೆನ್‌ಬರ್ಗ್, ಫೋಲ್ಕ್‌ಮಾನ್ ಎಂದು ಪರದೇಶದ ಸರ್ಜನ್ನರ ಹೆಸರು ಹೇಳುತ್ತಾ ಬಂದ ಉತ್ತರದಲ್ಲಿ ಒಮ್ಮೆಲೇ ಒಬ್ಬ ಭಾರತೀಯ ಸರ್ಜನ್ನನ ಹೆಸರು ಬರುವ ಆ ಜಾಗ ಹೆಮ್ಮೆಯದು.

ನೀರಿನ ಕಥೆ ಇನ್ನೊಂದು. ಮೂಳೆಯನ್ನು ಕಲ್ಲಾಗಿಸುವ ಫ್ಲೋರೋಸಿಸ್ ಬಗ್ಗೆ ಭಾರತದಿಂದ ಮೊದಲ ದೊಡ್ಡ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಫ್ಲೋರೈಡ್ ಇರುವ ಊರುಗಳ ಮಕ್ಕಳ ಮೊಣಕಾಲುಗಳು ಒಳಕ್ಕೆ ತಾಗಿ ಪಾದಗಳು ದೂರ ಸರಿಯುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ಕುಡಿಯಲು ಯೋಗ್ಯವಲ್ಲ. ಬಳ್ಳಾರಿಯ ಒಣಭೂಮಿಯ ಕೊಳವೆಬಾವಿಗಳಲ್ಲಿ ಅದು ದಾಟುವ ಊರುಗಳಿವೆ. ಬಿಗಿದ ಬೆನ್ನಿನ ರೋಗಿಯನ್ನು ಕಂಡ ಇಲ್ಲಿನ ಅಭ್ಯರ್ಥಿ ‘ಯಾವ ಊರಿನ ನೀರು ಕುಡೀತೀರಿ?’ ಎಂದು ಕೇಳದೆ ಮುಂದೆ ಹೋಗುವಂತಿಲ್ಲ.

ಮುರಿದ ಮೂಳೆಯ ನಾಟಿ ಕಟ್ಟಿನ ವಿಷಯವೂ ಹಾಗೇ. ಪುತ್ತೂರು ಕಟ್ಟಿನ ಹೆಸರು ಆಂಧ್ರದಿಂದ ಇಲ್ಲಿಯವರೆಗೂ ಹಬ್ಬಿದೆ, ಹಳ್ಳಿಗಳಲ್ಲಿ ಮೊಟ್ಟೆ ಬಿಳಿ, ಬಿದಿರು ದಬ್ಬೆಯ ಕಟ್ಟು ಇನ್ನೂ ನಡೆಯುತ್ತದೆ. ಸಣ್ಣ ಬಿರುಕು ಅದರಲ್ಲೂ ಕೂಡಿಕೊಳ್ಳುತ್ತದೆ. ಮರದಿಂದ ಬಿದ್ದ ಮಗುವಿನ ಮೊಣಕೈಗೆ ಬಿಗಿಯಾಗಿ ಕಟ್ಟಿದರೆ ಮಾತ್ರ ರಕ್ತ ಹರಿಯದೆ ಮಾಂಸಖಂಡ ಸತ್ತು, ಬೆರಳುಗಳು ಶಾಶ್ವತವಾಗಿ ಮುದುರಿಕೊಳ್ಳುತ್ತವೆ. ಇದನ್ನು 1881ರಲ್ಲಿ ಫೋಲ್ಕ್‌ಮಾನ್ ವಿವರಿಸಿದರು. ಭಾರತದ ಪರೀಕ್ಷೆಗಳಲ್ಲಿ ಇದು ಇವತ್ತಿಗೂ ಮೆಚ್ಚಿನ ಶಾರ್ಟ್ ಕೇಸ್, ಅಂದರೆ ಅಂಥ ಕೈಗಳು ಇವತ್ತಿಗೂ ಸಿಗುತ್ತಿವೆ. ಅಭ್ಯರ್ಥಿಗೆ ಅದು ಐದು ನಿಮಿಷದ ಉತ್ತರ. ಆ ಮಗುವಿಗೆ ಅದು ಬರೆಯುವ ಕೈ. ಥಾಮಸ್ ಮನೆತನದವರಂತೆ ನಮ್ಮ ಕಟ್ಟಿನವರ ಮಕ್ಕಳನ್ನು ಓದಿನ ಕಡೆ, ತರಬೇತಿಯ ಕಡೆ ಕರೆದುಕೊಳ್ಳುವ ದಾರಿ ಇಲ್ಲಿ ಆಗಲಿಲ್ಲ ಎನ್ನುವುದು ನೋವಿನ ಸಂಗತಿ.

ಪರದೇಶದ ಅಳತೆಗೋಲು ಈ ದೇಹಗಳಿಗೆ ಹೊಂದುವುದೂ ಇಲ್ಲ. ತೊಡೆಕೀಲಿನ ಸ್ಥಿತಿಗೆ ಅಂಕ ಕೊಡುವ ಹ್ಯಾರಿಸ್ ಸ್ಕೋರ್ 1969ರದು. ಸಾಕ್ಸ್ ಬೂಟು ಹಾಕಿಕೊಳ್ಳಬಲ್ಲಿರಾ, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಅದು ಕೇಳುತ್ತದೆ. ಕುರುಗೋಡಿನ ರೈತಮಹಿಳೆಗೆ ಬೇಕಾದ ಪ್ರಶ್ನೆ ಬೇರೆ: ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರ್ತೀರಾ, ಕುಕ್ಕರುಗಾಲಲ್ಲಿ ಕೂತು ಏಳ್ತೀರಾ, ಮೆಣಸಿನಕಾಯಿ ಬಿಡಿಸೋಕೆ ಆಗ್ತದಾ? ನಮ್ಮ ಪರೀಕ್ಷಕರು ಈ ಉತ್ತರಗಳನ್ನು ಕೇಳಿಯೇ ಕೇಳುತ್ತಾರೆ. ಕೃತಕ ಕೀಲು ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ನೆಲಕ್ಕೆ ಕೂರಬೇಡಿ ಎನ್ನುತ್ತಾರೆ. ಬದುಕೆಲ್ಲ ನೆಲದ ಮೇಲೆ ನಡೆಯುವ ಮನೆಯಲ್ಲಿ ಆ ಒಂದು ಮಾತಿನ ಭಾರ ಎಷ್ಟೆಂದು ಅರಿತು ಉತ್ತರಿಸುವ ಅಭ್ಯರ್ಥಿ ಅಲ್ಲೇ ಬೇರೆಯಾಗಿ ಕಾಣುತ್ತಾನೆ.

ಈಚಿನ ವರ್ಷಗಳಲ್ಲಿ ಓದಿನ ರೂಪ ಬದಲಾಗಿದೆ. ಎಫ್.ಎನ್.ಬಿ. ಪ್ರವೇಶಪರೀಕ್ಷೆ ಕಂಪ್ಯೂಟರ್ ಮುಂದೆ ಬರೆಯುವ ಬಹುಆಯ್ಕೆಯ ಪ್ರಶ್ನೆಗಳದ್ದು. ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಪ್ರಶ್ನೆ ಬಿಡಿಸುವುದು, ಆನ್‌ಲೈನ್ ತರಗತಿ, ವರ್ಗೀಕರಣಗಳನ್ನು ನೆನಪಿಡಲು ಗೋಡೆಗೆ ಅಂಟಿಸಿದ ಚೀಟಿಗಳು. ಇದನ್ನು ಹಗುರವಾಗಿ ಕಾಣಬಾರದು. ಸಾವಿರಾರು ಜನರನ್ನು ಒಂದೇ ಮಾಪಕದಲ್ಲಿ ಅಳೆಯಲು ಬೇರೆ ದಾರಿ ಸುಲಭವಲ್ಲ, ಶಿಫಾರಸಿಗೆ ಅಲ್ಲಿ ಜಾಗವೂ ಇಲ್ಲ. ಆದರೆ ಪರದೆಯ ಮೇಲಿನ ರೋಗಿ ಇಂಗ್ಲಿಷಿನಲ್ಲೇ ನರಳುತ್ತಾನೆ, ನೋವು ಎಲ್ಲಿ ಎಂದು ಅಚ್ಚುಕಟ್ಟಾಗಿ ಹೇಳಿರುತ್ತಾನೆ. ಟೊಂಕ ಎನ್ನುವುದಿಲ್ಲ. ವಾರ್ಡಿನ ಹೊತ್ತನ್ನು ಕದ್ದು ಪರದೆಗೆ ಕೊಟ್ಟವರಿಗೆ ಪ್ರಾಕ್ಟಿಕಲ್ ದಿನ ಕೈ ನಡುಗುವುದನ್ನು ಯಾವ ಹಿರಿಯ ಪ್ರಾಧ್ಯಾಪಕರೂ ಗುರುತಿಸಬಲ್ಲರು.

ಪ್ರಾಕ್ಟಿಕಲ್‌ಗೆ ಕೆಲವು ದಿನ ಇರುವಾಗ ಮೆಡಿಕಲ್ ಕಾಲೇಜುಗಳ ಆರ್ಥೋ ವಿಭಾಗಗಳಲ್ಲಿ ಬೇರೆಯದೇ ಓಡಾಟ. ಕೇಸ್ ಆಗಬಲ್ಲ ರೋಗಿಗಳ ಫೋನ್ ನಂಬರುಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಬಸ್ ಚಾರ್ಜು ಕೊಡ್ತೀವಿ, ತಿಂಡಿ ಊಟ ಇರ್ತದೆ, ದಯವಿಟ್ಟು ಬರ್ರಿ ಎಂಬ ಕರೆ ಹೋಗುತ್ತದೆ. ಅವತ್ತಿನ ಕೂಲಿ ಬಿಟ್ಟು ಬೆಳಗಿನ ಮೊದಲ ಬಸ್ಸಿಗೆ ಹೊರಡುವವರು ಇವರು. ಒಂದೇ ದಿನ ನಾಲ್ಕಾರು ಜನರ ಮುಂದೆ ಅದೇ ಕಾಲನ್ನು ಎತ್ತಿ, ಮಡಿಚಿ, ನಡೆದು ತೋರಿಸುತ್ತಾರೆ. ಹಿಂದಿನ ವರ್ಷವೂ ಬಂದಿದ್ದವರಿಗೆ ಏನು ಕೇಳುತ್ತಾರೆಂದು ಗೊತ್ತಿರುತ್ತದೆ. ಹೆದರಿ ಬೆವತ ಅಭ್ಯರ್ಥಿಗೆ ‘ಆ ಕಡೆ ಕಾಲೂ ಅಳೀರಿ ಸಾರ್’ ಎಂದು ಮೆಲ್ಲಗೆ ನೆನಪಿಸಿದವರೂ ಉಂಟಂತೆ. ಮೂರು ವರ್ಷದ ಓದು, ಪ್ರಬಂಧ, ನಾಲ್ಕು ಲಿಖಿತ ಪತ್ರಿಕೆಗಳ ಕೊನೆಗೆ ಒಬ್ಬ ವೈದ್ಯ ತಜ್ಞನಾಗುವ ಬೆಳಿಗ್ಗೆ ಇಡೀ ಕೋಣೆಯಲ್ಲಿ ಅತಿ ಹೆಚ್ಚು ಕಷ್ಟಪಡುವವರು ಇವರೇ. ಪ್ರಮಾಣಪತ್ರದ ಮೇಲೆ ಇವರ ಹೆಸರಿಗೆ ಜಾಗವಿಲ್ಲ. ಕನಿಷ್ಠ ಇವರಿಗೆ ಮಲಗಲು ಒಂದು ಪರದೆ, ನಡುವೆ ವಿರಾಮ, ಒಂದು ದಿನದ ಕೂಲಿ ತಪ್ಪದೆ ಸಿಗುವ ನಿಯಮ ಬೇಕು.

ಪರೀಕ್ಷಕರು ಮುಂದಿನ ಮಂಚಕ್ಕೆ ಸರಿದ ಮೇಲೆ ಅಭ್ಯರ್ಥಿ ಟೇಪು ಸುತ್ತಿಕೊಂಡು, ಹೊದಿಕೆ ಸರಿಮಾಡಿ, ಯಜಮಾನರ ಹೆಗಲು ಹಿಡಿದು ಎಬ್ಬಿಸಿ ಕೂರಿಸುತ್ತಾನೆ. ಅವರ ಸೊಂಟದ ಎರಡೂ ಕಡೆ, ಮೊಣಕಾಲ ಮೇಲೆ, ಅಳತೆಗೆಂದು ಹಾಕಿದ ನೇರಳೆ ಚುಕ್ಕಿಗಳು ಹಾಗೇ ಇರುತ್ತವೆ. ಸವೆದುಹೋದ ಆ ಕೀಲಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅನುಮತಿ ಬಂದ ದಿನ, ಆಪರೇಷನ್ನಿಗೆ ಮೊದಲು, ಇಂಥದೇ ಪೆನ್ನಿನಿಂದ ಇನ್ನೊಂದು ಗುರುತು ಬೀಳಬೇಕು: ಬಲಗಾಲೋ, ಎಡಗಾಲೋ ಎಂದು.